ಒಲೆ ಹಚ್ಚದ ಮನೆ

ಬಿಲ್ಡರ್ ಜಯಂತ ಗುಟ್ಟಿನ ಮಾತನ್ನೂ ಬೀದಿಗೆಲ್ಲ ಕೇಳುವಂತೆ ಆಡುವವನು. ಅವತ್ತೂ ಫೋನು ಸ್ಪೀಕರಿನಲ್ಲೇ ಇತ್ತು. ಬಿಲ್ಡರುಗಳ ಸಂಘದ ಹುಡುಗಿ ಕೇಳುತ್ತಿದ್ದಳು: "ಮುಂದಿನ ಆರು ತಿಂಗಳಲ್ಲಿ ಎಷ್ಟು ಹೊಸ ಮನೆ ಶುರು ಮಾಡ್ತೀರಾ ಸರ್?"

"ಕಟ್ಟಿರೋದೇ ಹೋಗ್ತಿಲ್ಲ ಕಣಮ್ಮ. ಒಂದೂ ಇಲ್ಲ ಅಂತ ಬರ್ಕೊ."

ಮೆಟ್ಟಿಲು ಗುಡಿಸುತ್ತಿದ್ದ ಸುಭದ್ರಮ್ಮನ ಕೈ ನಿಂತಿತು. ಕಲಬುರಗಿ ಕಡೆಯಿಂದ ಬಂದ ಮೇಲೆ ಅವಳೂ ವಾಚ್‌ಮನ್ ಗಂಡನೂ ಬದುಕಿದ್ದೆಲ್ಲ ಜಯಂತನ ಸೈಟುಗಳ ತಗಡಿನ ಶೆಡ್ಡಿನಲ್ಲೇ. ಬಾಣಸವಾಡಿಯ ಮನೆ ಮುಗಿದಾಗ ಶೆಡ್ಡು ಕಾಕ್ಸ್‌ಟೌನಿಗೆ ಬಂತು. ಅವನು ಮುಂದಿನ ಪಾಯ ತೋಡಿದರೆ ಇವರಿಗೆ ಮುಂದಿನ ಸೂರು. ಈಗ ಈ ಕಟ್ಟಡವೂ ಮುಗಿದಿದೆ, ಮುಂದಿನ ಪಾಯವೇ ಇಲ್ಲ, ಶೆಡ್ಡು ಬಿಚ್ಚುವ ದಿನ ಬಂದಿದೆ, ಮಗಳು ಗಂಗಾ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟು ನಿಂತಿದ್ದಾಳೆ. ಎಲ್ಲಿಯ ತವರು? ಪಾಪ, ಹೆಂಗಸು ಪೊರಕೆ ಹಿಡಿದುಕೊಂಡೇ ಅತ್ತುಬಿಟ್ಟಳು.

ಜಯಂತ ಕಾರಣ ಕೇಳಿ ರೇಗಿದ. "ಮೂರನೇ ಮಹಡಿ ಫ್ಲಾಟ್ ಸುಮ್ನೆ ಬಿದ್ದಿದೆ. ಮಗಳನ್ನ ಅಲ್ಲೇ ಇಟ್ಕೊಳ್ಳಿ. ಇದಕ್ಕೆಲ್ಲ ಅಳ್ತಾರಾ?" ಅವನ ರೇಗಾಟವೆಲ್ಲ ಗಂಟಲಿನವರೆಗೆ ಮಾತ್ರ.

ಸುಭದ್ರಮ್ಮ ಒಪ್ಪಿದಳು, ಆದರೆ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಕೊಂಡವರು ಹಾಲು ಉಕ್ಕಿಸುವ ಮೊದಲು ಬೇರೆಯವರು ಒಲೆ ಹಚ್ಚಿದರೆ ಅದು ಹೊಸಮನೆಯಾಗಿ ಉಳಿಯುವುದಿಲ್ಲ. ಹಾಗಾಗಿ ಶೆಡ್ಡಿನ ಗ್ಯಾಸ್ ಒಲೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ ಉಳಿಯಿತು. ಲಿಫ್ಟಿಗೆ ಇನ್ನೂ ಕರೆಂಟಿಲ್ಲ. ಗಂಗಾ ಆಸ್ಪತ್ರೆಯಿಂದ ಹೆಣ್ಣುಕೂಸು ಹೊತ್ತು ಬಂದ ಮೇಲೆ ಎರೆಯುವ ಬಿಸಿನೀರು, ಬಾಣಂತಿಯ ಸಾರು, ಎಲ್ಲವನ್ನೂ ಸುಭದ್ರಮ್ಮ ಮೂರು ಮಹಡಿ ಹೊತ್ತಳು.

"ಒಲಿ ಮ್ಯಾಲ ತರಬಾರ್ದೇನವ್ವಾ? ಯಾರ್ ನೋಡ್ತಾರ?"

"ಸಾಹೇಬ್ರ ಮನಿ ಮಾರಾಟ ಆಗ್ಬೇಕವ್ವಾ" ಎಂದಳು ಸುಭದ್ರಮ್ಮ, ಮೊಣಕಾಲು ಒತ್ತಿಕೊಳ್ಳುತ್ತ.

ಒಂದು ಮಧ್ಯಾಹ್ನ ಮನೆ ಕೊಳ್ಳಲು ಹುಡುಕುತ್ತಿದ್ದ, ವಿಮೆ ಕಚೇರಿಯಲ್ಲಿ ಕೆಲಸದ ವೇದಾ ಎಂಬವರನ್ನು ಕರೆದುಕೊಂಡು ಜಯಂತ ಹೇಳದೆ ಕೇಳದೆ ಬಂದುಬಿಟ್ಟ. ಬಾಣಂತಿ ಮಲಗಿದ ಮನೆಯನ್ನು ಯಾರು ಕೊಳ್ಳುತ್ತಾರೆ? ಸುಭದ್ರಮ್ಮ ಮಗಳನ್ನೂ ಕೂಸನ್ನೂ ಒಳಕೋಣೆಗೆ ನೂಕಿ ಬಾಗಿಲೆಳೆದಳು. ವೇದಾ ಅಡುಗೆಕಟ್ಟೆ ಸವರಿ, "ಚೆನ್ನಾಗಿದೆ" ಎನ್ನುವುದಕ್ಕೂ ಕೂಸು ಕಿರುಚುವುದಕ್ಕೂ ಸರಿಹೋಯಿತು.

ಜಯಂತನ ಮುಖ ಬಿಳಿಚಿತು. ಸುಭದ್ರಮ್ಮ ಕೈಮುಗಿದಳು. "ಒಲಿ ಹಚ್ಚಿಲ್ರಿ ಅಮ್ಮಾರ. ಒಂದ್ ಲೋಟ ನೀರ್ ಸುದ್ದ ಇಲ್ಲಿ ಕಾಸಿಲ್ಲ. ಮನಿ ಹೊಸಾದೇ ಅದ್ರಿ. ಇವತ್ತೇ ಖಾಲಿ ಮಾಡ್ತೀವ್ರಿ."

"ಬಾಣಂತಿಗೆ ನೀರು ಎಲ್ಲಿ ಕಾಯಿಸ್ತೀರಾ ಹಾಗಾದ್ರೆ?"

"ಕೆಳಗ್ರಿ."

ವೇದಾ ಕಿಟಕಿಯಿಂದ ಕೆಳಗೆ ನೋಡಿದರು, ಆಮೇಲೆ ಸುಭದ್ರಮ್ಮ ಮೊಣಕಾಲು ಒತ್ತಿಕೊಳ್ಳುವುದನ್ನು ನೋಡಿದರು.

"ಜಯಂತ್, ಆ ಒಲೆ ಮೇಲೆ ತನ್ನಿ. ಹಾಗೇ ಒಂದು ಪ್ಯಾಕೆಟ್ ಹಾಲು. ಮನೆ ನಂಗೆ ಒಪ್ಪಿಗೆ. ನಾವು ಪೂಜೆ ಮಾಡ್ಕೊಂಡು ಬರೋದು ಶ್ರಾವಣಕ್ಕೆ. ಅಲ್ಲೀವರೆಗೆ ಮಗು ಇಲ್ಲೇ ಇರ್ಲಿ."

ಜಯಂತ ಏದುಸಿರು ಬಿಡುತ್ತ ತಾನೇ ಸಿಲಿಂಡರ್ ಹೊತ್ತು ತಂದ. ವೇದಾ ಒಲೆ ಹಚ್ಚಿ ಹಾಲಿಟ್ಟರು. ಹಾಲು ನೊರೆಯೆದ್ದು ಮೇಲೆ ಬಂತು. ಜೀವಮಾನದಲ್ಲಿ ಒಂದು ಹನಿ ಹಾಲು ಚೆಲ್ಲಗೊಡದ ಸುಭದ್ರಮ್ಮನ ಕೈ ಉರಿ ತಗ್ಗಿಸಲು ತಾನಾಗಿ ಮುಂದೆ ಹೋಯಿತು.

ವೇದಾ ಆ ಕೈ ಹಿಡಿದುಕೊಂಡರು.

"ಉಕ್ಕಲಿ ಬಿಡಮ್ಮಾ."