ಬಲಗಡೆಯ ಪೆಟ್ಟಿಗೆ

ಕಂಪ್ಯೂಟರಿನ ಪರದೆಯ ಮೇಲೆ ಒಂದು ತೆಳ್ಳನೆಯ ಗೆರೆ, ಆ ಗೆರೆಯ ಮೇಲೆ ಅವರೆಕಾಳಿನಷ್ಟು ದಪ್ಪದ ಒಂದು ಗುಂಡಿ. ಎಡಗಡೆಯ ಸ್ಪೀಕರಿಗೂ ಬಲಗಡೆಯ ಸ್ಪೀಕರಿಗೂ ಸದ್ದನ್ನು ಹಂಚಿಕೊಡುವುದು ಅದರ ಕೆಲಸ. ಸಂಜೆ ನಾನು ಅದನ್ನು ಗೆರೆಯ ನಟ್ಟನಡುವೆ ತಂದು ನಿಲ್ಲಿಸುತ್ತಿದ್ದೆ. ಮರುದಿನ ನೋಡಿದರೆ ಅದು ಬಲಕ್ಕೆ ಸರಿದು ಗೆರೆಯ ತುದಿಗೆ ಒರಗಿಕೊಂಡಿರುತ್ತಿತ್ತು, ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದು ಕೂತ ಮಗುವಿನ ಹಾಗೆ.

ಅದು ನನ್ನ ಅಕ್ಕ ವನಜಾಕ್ಷಿಯ ಮನೆ. ಹಳೆಯ ಕೆಲಸವನ್ನು ಬಿಟ್ಟು, ಹೊಸದಕ್ಕೆ ಕರೆ ಬರುವುದನ್ನೇ ಕಾಯುತ್ತ ನಾನು ಅಲ್ಲಿಗೆ ಬಂದು ಕೂತಿದ್ದೆ. ಕೂತಿದ್ದೆ ಎನ್ನುವುದೂ ಸರಿಯಲ್ಲ. ಫೋನು ಸದ್ದು ಮಾಡಿದರೆ ಒಗೆಯುತ್ತಿದ್ದ ಬಟ್ಟೆಯನ್ನು ಬಿಟ್ಟು ಓಡುತ್ತಿದ್ದೆ. ಹಿಡಿದ ಪುಸ್ತಕದಲ್ಲಿ ಒಂದೇ ಪುಟವನ್ನು ಓದಿ ಓದಿ ಮಡಚಿಡುತ್ತಿದ್ದೆ. ಅಕ್ಕ ಅದನ್ನು ಕೆಲವು ದಿನ ನೋಡಿದಳು. ಆಮೇಲೊಂದು ಬೆಳಿಗ್ಗೆ ಬೀರುವಿನ ಬಾಗಿಲು ತೆರೆದು ತೋರಿಸಿದಳು. ಒಳಗೆ ಮೂರು ಖಾನೆ ತುಂಬ ಕ್ಯಾಸೆಟ್ಟುಗಳು.

"ಹೀಗೆ ಚಡಪಡಿಸೋ ಬದಲು ನನಗೊಂದು ಕೆಲಸ ಮಾಡ್ಕೊಡೇ. ಇದನ್ನೆಲ್ಲ ಕಂಪ್ಯೂಟರಿಗೆ ಹಾಕು. ಬೇಕಾದ್ದು ಬೇಕಾದಾಗ ಕೇಳೋ ಹಾಗಿರಬೇಕು. ಸ್ವಚ್ಛವಾಗಿ."

ಅಕ್ಕ ಪಿಟೀಲು ವಿದುಷಿ. ತಾನೇ ಪ್ರಧಾನವಾಗಿ ಕೂತು ನುಡಿಸುವ ಆಸೆಯನ್ನು ಅವಳೆಂದೂ ಇಟ್ಟುಕೊಂಡವಳಲ್ಲ. ಹಾಡುವವರ ಪಕ್ಕದಲ್ಲಿ ಕೂತು, ಅವರು ಹೋದ ದಾರಿಯಲ್ಲೇ ಹೋಗಿ, ಅವರು ತಂಗಿದ ಕಡೆ ತಂಗುವುದರಲ್ಲಿ ಅವಳಿಗೆ ತೃಪ್ತಿಯಿತ್ತು. ಹಾಡುಗಾರರ ಬಾಯಿಂದ ಸ್ವರ ಹೊರಡುವಷ್ಟರಲ್ಲಿ ವನಜಮ್ಮನ ಕಮಾನು ಅಲ್ಲಿಗೆ ಹೋಗಿ ಕಾಯುತ್ತಿರುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಬೀರುವಿನಲ್ಲಿದ್ದದ್ದು ಅಂಥ ಕಛೇರಿಗಳ ಧ್ವನಿಮುದ್ರಣ. ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿತ್ತು.

ಭಾವ ಶ್ರೀಕಂಠಯ್ಯನವರು ಇಸ್ಪೀಟಾಡಲು ಇಟ್ಟುಕೊಂಡಿದ್ದ ಹಳೆಯ ಕಂಪ್ಯೂಟರನ್ನು ನಾನು ಪಾಠದ ಕೋಣೆಗೆ ಸಾಗಿಸಿದೆ. ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜು ಶುರುವಾದರೆ ಇಲ್ಲಿ ಸ್ಪೀಕರು ಗುಂಯ್ ಎನ್ನುತ್ತಿತ್ತು. ಎಲ್ಲ ವೈರುಗಳನ್ನೂ ಒಂದೇ ಪ್ಲಗ್ಗಿಗೆ ತಂದ ಮೇಲೆ ಆ ಗುಂಯ್ಗುಡುವಿಕೆ ನಿಂತಿತು. ಆಗ ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನಿನ ಸದ್ದು ಕೇಳತೊಡಗಿತು. ಅದನ್ನು ಮೇಜಿನ ಕೆಳಗೆ ಸರಿಸಿ, ಮುಂದೆ ಹಳೆಯ ಜಮಖಾನವನ್ನು ಇಳಿಬಿಟ್ಟೆ. ಟೇಪ್ ರೆಕಾರ್ಡರನ್ನು ಅದಕ್ಕೆ ಜೋಡಿಸಿ, ಒಂದೊಂದೇ ಕ್ಯಾಸೆಟ್ಟನ್ನು ಪೂರ್ತಿ ನುಡಿಸಿ ಒಳಗೆ ತುಂಬಿಸಬೇಕಿತ್ತು. ಕೋಣೆಯ ತುಂಬ ಕಪ್ಪು ವೈರುಗಳು ಕಾಲಿಗೆ ತೊಡರುತ್ತಿದ್ದವು.

"ಇದೇನು ಮನೆಯೋ, ರಿಪೇರಿ ಅಂಗಡಿಯೋ?" ಎಂದು ಭಾವ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

ಮೊದಲ ಕಛೇರಿಯನ್ನು ನುಡಿಸಿ ತೋರಿಸಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಅಂದು ಧ್ವನಿಮುದ್ರಣ ಮಾಡಿದಾತ ಹಾಡುಗಾರರ ಮೈಕನ್ನು ಬಲಕ್ಕೂ ಅಕ್ಕನ ಮೈಕನ್ನು ಎಡಕ್ಕೂ ಹಾಕಿದ್ದ. ಕಣ್ಣು ಮುಚ್ಚಿದರೆ ಇಬ್ಬರೂ ಎದುರಿಗೇ ಕೂತಂತಿತ್ತು. ಅಕ್ಕ ತಲೆ ತಗ್ಗಿಸಿ ಕೇಳಿದಳು. ರಾಗಾಲಾಪನೆ ಮುಗಿಯುವ ಮೊದಲೇ ಎದ್ದಳು.

"ಬಲಗಡೆ ಪೆಟ್ಟಿಗೆ ಸರಿಯಿಲ್ಲ ಕಣೇ. ಸದ್ದು ಕಮ್ಮಿ."

ನನಗೆ ಸರಿಯಾಗಿಯೇ ಕೇಳುತ್ತಿತ್ತು. ಆದರೂ ಅವಳ ಕಿವಿ ಎಂಥದೆಂದು ಗೊತ್ತಿದ್ದರಿಂದ ನನ್ನದನ್ನು ನಂಬಲಿಲ್ಲ. ವೈರು ಬದಲಿಸಿದೆ. ಎರಡು ಸ್ಪೀಕರುಗಳನ್ನು ಅದಲುಬದಲು ಮಾಡಿದೆ. ಆಗ ದೋಷವೂ ಎಡಕ್ಕೆ ಹೋಗಬೇಕಿತ್ತಲ್ಲ? ಮರುದಿನ ನೋಡಿದರೆ ಗುಂಡಿ ಮತ್ತೆ ಬಲತುದಿಯಲ್ಲೇ ಇತ್ತು. ಭಾವನನ್ನು ಕೇಳಿದೆ. "ನಾನಾ? ಇಸ್ಪೀಟು ಹೋದ ಮೇಲೆ ನಾನು ಅದರ ಹತ್ತಿರಕ್ಕೂ ಹೋಗಿಲ್ಲಮ್ಮ" ಎಂದರು. ಅಕ್ಕನನ್ನು ಕೇಳಿದರೆ, "ಕೈ ತಾಗಿರಬೇಕು" ಎಂದು ಒಳಗೆ ಹೋದಳು.

ಅವಳಲ್ಲಿ ಏನೋ ಬದಲಾಗಿದೆ ಎಂದು ಅನ್ನಿಸತೊಡಗಿದ್ದು ಆಗ. ಊಟಕ್ಕೆ ಕೂತವಳು ಎದ್ದು ಜಾಗ ಬದಲಿಸುತ್ತಿದ್ದಳು. ಮಾತಿನ ನಡುವೆ ಸಿಡುಕುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಪಾಠದ ಕೋಣೆಯಲ್ಲಿ ಅದೇ ಕಛೇರಿಯ ಅದೇ ಆಲಾಪನೆಯನ್ನು ಮತ್ತೆ ಮತ್ತೆ ಹಾಕುತ್ತಿದ್ದಳು. ಅವಳ ಚಡಪಡಿಕೆಯ ಮುಂದೆ ನನ್ನದು ಏನೂ ಅಲ್ಲ ಎನ್ನಿಸಿ, ಕೆಲಸದ ಕರೆಯನ್ನು ನಾನು ಮರೆತೇಬಿಟ್ಟಿದ್ದೆ.

ಅದೇ ವಾರ ತಾರಿಣಿ ನನ್ನನ್ನು ಹಿತ್ತಿಲಿಗೆ ಕರೆದಳು. ತಾರಿಣಿ ಅಕ್ಕನ ಬಳಿ ಹಾಡುಗಾರಿಕೆ ಕಲಿತವಳು. ಫ್ರಾಕು ಹಾಕುವ ವಯಸ್ಸಿನಲ್ಲಿ ಬಂದು ಸೇರಿದ್ದ ಹುಡುಗಿ, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಬರುವ ಭಾನುವಾರ ಊರಿನ ಸಭಾಂಗಣದಲ್ಲಿ ಅವಳ ಮೊದಲ ಪೂರ್ಣ ಕಛೇರಿ. ಪಿಟೀಲಿಗೆ ಸ್ವತಃ ಅಕ್ಕನೇ ಕೂರುವುದೆಂದು ಬಹಳ ಹಿಂದೆಯೇ ನಿಶ್ಚಯವಾಗಿತ್ತು.

"ಅಮ್ಮನಿಗೆ ನನ್ನ ಮೇಲೆ ಬೇಜಾರಾಗಿದೆಯಾ ಆಂಟಿ?" ಎಂದಳು. ಅಕ್ಕನನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದುದು. "ಅಭ್ಯಾಸಕ್ಕೆ ಕೂತರೆ ನಾನು ಹಾಡಿದ್ದನ್ನ ಅವರು ನುಡಿಸೋದೇ ಇಲ್ಲ. ಮೆಲ್ಲಗೆ ಒಂದು ಸಂಗತಿ ಹಾಕಿದ್ರೆ ಸುಮ್ಮನಿದ್ದುಬಿಡ್ತಾರೆ. ನಾನು ತಪ್ಪು ಹಾಡ್ತಿದೀನಿ ಅಂತ ತಾನೆ ಅರ್ಥ? ಬಾಯಿಬಿಟ್ಟು ಬೈದುಬಿಡಲಿ. ಹೀಗೆ ಸುಮ್ಮನಿದ್ರೆ ನನಗೆ ವೇದಿಕೆ ಹತ್ತೋಕೆ ಕಾಲೇ ಬರಲ್ಲ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಕೇಳಿ ಹೇಳುತ್ತೇನೆ ಎಂದು ಕಳಿಸಿದೆ.

ಆ ಮಧ್ಯಾಹ್ನ ಕಾಫಿ ಹಿಡಿದು ಪಾಠದ ಕೋಣೆಗೆ ಹೋದೆ. ಅಕ್ಕ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಕಂಪ್ಯೂಟರಿಗೆ ಬೆನ್ನು ಮಾಡಿ, ಬಾಗಿಲಿಗೆ ಬಲಭುಜ ಕೊಟ್ಟು ಕೂತಿದ್ದಳು. ಅದೇ ಆಲಾಪನೆ ಹರಿಯುತ್ತಿತ್ತು. ಅವಳು ಬಲಗಿವಿಯನ್ನು ಅಂಗೈಯಿಂದ ಮುಚ್ಚಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ತೆಗೆದು ಎಡಗಿವಿಯನ್ನು ಮುಚ್ಚಿದಳು. ಆಗ ಅವಳ ಮುಖ, ದೀಪ ಹೋದ ಕೂಡಲೇ ಗೋಡೆ ಹುಡುಕುವವರ ಮುಖದ ಹಾಗಾಯಿತು.

"ಅಕ್ಕಾ" ಎಂದೆ. ಅವಳು ತಿರುಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಮತ್ತೆ ಕರೆದೆ. ಎಡಗಿವಿಯ ಮೇಲಿನ ಕೈಯನ್ನು ಅವಳು ಇನ್ನೂ ತೆಗೆದಿರಲಿಲ್ಲ. ನಾನು ಎದುರಿಗೆ ಹೋಗಿ ನಿಂತ ಮೇಲೆಯೇ ಬೆಚ್ಚಿ ಕೈ ಇಳಿಸಿದಳು.

ನಾನು ಏನನ್ನೂ ಕೇಳಬೇಕಾಗಲಿಲ್ಲ.

"ಪೆಟ್ಟಿಗೆ ಸರಿಯಾಗೇ ಇದೆ ಕಣೇ" ಎಂದಳು. "ಕೆಟ್ಟಿರೋದು ನಾನು."

"ಯಾವಾಗಿನಿಂದ?"

"ಗೊತ್ತಾಗಲಿಲ್ಲ. ಮೊದಮೊದಲು ಸಭಾಂಗಣದ ಮೈಕು ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಮನೇಲಿ ಟೇಪು ಹಾಕಿದಾಗ ಟೇಪು ಹಳೇದಾಯ್ತು ಅಂದ್ಕೊಂಡೆ. ಕಂಪ್ಯೂಟರಲ್ಲಿ ಹಾಕಿಸಿದ್ರೆ ನಿಜ ಗೊತ್ತಾಗತ್ತೆ ಅನ್ನಿಸ್ತು. ನೀನು ವೈರು ಬದಲಾಯಿಸ್ತಿದ್ದೆ ನೋಡು, ಒಂದೊಂದು ಸಲವೂ ಈಗ ಸರಿಹೋಗತ್ತೆ, ಈಗ ಸರಿಹೋಗತ್ತೆ ಅಂತ ಕಾಯ್ತಿದ್ದೆ. ಪೆಟ್ಟಿಗೆಗಳನ್ನ ಅದಲುಬದಲು ಮಾಡಿದೆಯಲ್ಲ, ಆವತ್ತು ಗೊತ್ತಾಗಿಹೋಯ್ತು."

ಆಮೇಲೆ ಒಬ್ಬಳೇ ಹೋಗಿ ವೈದ್ಯರಿಗೂ ತೋರಿಸಿಕೊಂಡು ಬಂದಿದ್ದಳು. ಬಲಗಿವಿಯ ನರ ಸೋತಿದೆ, ಎಡಗಿವಿ ಚೆನ್ನಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದರಂತೆ. ಭಾವನಿಗೂ ಹೇಳಿರಲಿಲ್ಲ. ಹೇಳಿದರೆ ಅವರು ಕಂಡಕಂಡವರ ಮುಂದೆ ಗೋಳಾಡುತ್ತಾರೆ, ಊರಿಗೆಲ್ಲ ತಿಳಿಯುತ್ತದೆ ಎಂಬ ಅಂಜಿಕೆ.

"ಭಾನುವಾರ ಬರೋಕಾಗಲ್ಲ ಅಂತ ಹೇಳ್ಬಿಡ್ತೀನಿ" ಎಂದಳು. "ಮೈ ಸರಿಯಿಲ್ಲ ಅಂದ್ರಾಯ್ತು. ತಾರಿಣಿ ನನ್ನ ಬಲಕ್ಕೆ ಕೂರ್ತಾಳೆ. ಅವಳು ಮೆಲ್ಲಗೆ ಹಾಡೋದೇ ಚೆಂದ, ಅದೇ ನನಗೆ ಕೇಳಲ್ಲ. ಮಗುವಿನ ಮೊದಲ ಕಛೇರಿ ಹಾಳುಮಾಡಲಾ?"

"ಆ ಮಗು ಏನಂದ್ಕೊಂಡಿದೆ ಗೊತ್ತಾ ಅಕ್ಕ? ನಿನಗೆ ಅವಳ ಹಾಡು ಹಿಡಿಸ್ತಿಲ್ಲ ಅಂತ. ಹಿತ್ತಿಲಲ್ಲಿ ನಿಂತು ಅತ್ತಳು."

ಅಕ್ಕ ದಂಗಾದಳು. ಕಿವಿಯ ವಿಷಯ ಹೇಳುವಾಗ ಒಣಗಿಯೇ ಇದ್ದ ಅವಳ ಕಣ್ಣಿನಲ್ಲಿ ಆಗ ನೀರು ಬಂತು. ಎದ್ದು ಕಂಪ್ಯೂಟರಿನ ಮುಂದೆ ಹೋಗಿ, ಬಲತುದಿಯಲ್ಲಿದ್ದ ಗುಂಡಿಯನ್ನು ತಾನೇ ನಡುವಿಗೆ ಎಳೆದು, ಸಂಗೀತವನ್ನು ನಿಲ್ಲಿಸಿದಳು.

"ಅವಳ ಆ ಕಡೆ ಕೂತ್ಕೋಬಾರದಾ ನೀನು?" ಎಂದೆ. "ಆಗ ಅವಳು ನಿನ್ನ ಎಡಕ್ಕೆ ಬರ್ತಾಳೆ."

"ಅದು ಮೃದಂಗದವರ ಜಾಗ ಕಣೇ. ಅವರು ಈ ಕಡೆ ಬಂದ್ರೆ ಮೃದಂಗದ ಬಲಮುಖ ಹಿಂದಿನ ಗೋಡೆಗೆ ತಿರುಗತ್ತೆ, ಜನಕ್ಕೆ ಸರಿಯಾಗಿ ಕೇಳಲ್ಲ. ಯಾರು ಒಪ್ತಾರೆ?" ಎಂದವಳು ತಡೆದಳು. "ಎಡಗೈಯವರು ಮೃದಂಗ ನುಡಿಸೋಕೆ ಬಂದಾಗ ಮಾತ್ರ ಹಾಗೆ ಕೂರೋದುಂಟು. ನಾನೇ ಕೂತಿದೀನಿ ಹಿಂದೆ ಒಂದು ಸಲ." ಆಮೇಲೆ, "ಭಾನುವಾರ ಮೃದಂಗಕ್ಕೆ ರುದ್ರಮೂರ್ತಿಗಳು ಬರ್ತಾರೆ. ಅವರನ್ನ ಕೇಳಿ ನೋಡಬಹುದು" ಎಂದಳು.

ಸಂಜೆ ತಾರಿಣಿ ಬಂದಳು. ಅಕ್ಕ ಅವಳನ್ನು ತನ್ನ ಎಡಗಡೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾರಿಣಿ ಎಲ್ಲವನ್ನೂ ಕೇಳಿ, "ಹಾಗಾದ್ರೆ ನಾನು ಹಾಡಿದ್ದು ತಪ್ಪಲ್ವಾ ಅಮ್ಮ?" ಎಂದಳು. ಅಕ್ಕ ಅವಳ ತಲೆಗೆ ಮೊಟಕಿ, "ಮೊದಲು ಶ್ರುತಿ ಹಾಕು" ಎಂದಳು. ಆ ಸಂಜೆಯ ಅಭ್ಯಾಸವನ್ನು ನಾನು ಹಜಾರದಲ್ಲಿ ಕೂತು ಕೇಳಿದೆ. ತಾರಿಣಿಯ ಅತಿ ಮೆಲುವಾದ ಸಂಗತಿಗೂ ಪಿಟೀಲು ಉತ್ತರ ಕೊಡುತ್ತಿತ್ತು. ಭಾವ ಪೇಪರು ಕೆಳಗಿಟ್ಟು ನನ್ನತ್ತ ನೋಡಿದರು. ಅವರಿಗೂ ಅಂದೇ ಅಕ್ಕ ಹೇಳಿದಳು. ಅವರು ಗೋಳಾಡಲಿಲ್ಲ. ಅಂದಿನಿಂದ ಬೀದಿಯಲ್ಲಿ ನಡೆಯುವಾಗ ಅವಳ ಬಲಗಡೆಗೇ ಕಾವಲಾಗಿ ಬಂದು ನಡೆಯತೊಡಗಿದರು.

ಮೃದಂಗದ ರುದ್ರಮೂರ್ತಿಗಳು ಹಿರಿಯರು, ಮುಂಗೋಪಿಗಳೆಂದು ಹೆಸರಾದವರು. ಆದರೂ ಅಕ್ಕ ಫೋನು ಮಾಡಿ ಕೇಳಿದಳು. ಕಾರಣವನ್ನೂ ಮುಚ್ಚಿಡಲಿಲ್ಲ. ಅವರು, "ನಾನು ಸಭೆಯ ಕಡೆ ಮುಖ ಮಾಡಿ ಸ್ವಲ್ಪ ಅಡ್ಡ ಕೂತ್ಕೋತೀನಿ ವನಜಮ್ಮ. ನನ್ನ ಮುಖ ನೋಡೋಕೆ ಜನಕ್ಕೆ ಕಷ್ಟ ಆಗಬಹುದು, ಅಷ್ಟೇ" ಎಂದರಂತೆ.

ಭಾನುವಾರ ಸಭಾಂಗಣ ತುಂಬಿತ್ತು. ಪರದೆ ಸರಿದಾಗ ಜನರಲ್ಲಿ ಸಣ್ಣ ಗುಜುಗುಜು ಎದ್ದಿತು. ಹಿಂದಿನ ಸಾಲಿನವರೊಬ್ಬರು ಬಾಗಿ, "ಇದೇನು ಸ್ವಾಮಿ, ನಿಮ್ಮನೆಯವರು ಆ ಕಡೆ ಕೂತಿದಾರೆ?" ಎಂದು ಭಾವನನ್ನು ಕೇಳಿದರು. "ಆ ಕಡೆ ಗಾಳಿ ಚೆನ್ನಾಗಿ ಬರತ್ತಂತೆ" ಎಂದರು ಭಾವ, ಮುಖ ತಿರುಗಿಸದೆ.

ತಾರಿಣಿ ಕಣ್ಣು ಮುಚ್ಚಿ ಆಲಾಪನೆ ಆರಂಭಿಸಿದಳು. ಮೊದಲು ಅಳುಕಿದ ದನಿ ಬರಬರುತ್ತ ನೆಲೆಗೊಂಡಿತು. ಷಡ್ಜದಲ್ಲಿ ಬಂದು ನಿಂತು, ಸರದಿಯನ್ನು ಪಿಟೀಲಿಗೆ ಬಿಟ್ಟುಕೊಡಲು ಕಣ್ಣು ತೆರೆದು, ಹಾಡುವವರೆಲ್ಲರ ರೂಢಿಯಂತೆ ಎಡಕ್ಕೆ ತಿರುಗಿದಳು. ಅಲ್ಲಿ ರುದ್ರಮೂರ್ತಿಗಳು ಕೂತಿದ್ದರು. ಅವರು ಹುಬ್ಬೇರಿಸಿ, ಗಲ್ಲದಿಂದಲೇ ಆ ಕಡೆ ತೋರಿಸಿದರು. ತಾರಿಣಿ ತಡೆಯಲಾರದೆ ನಕ್ಕು ಬಲಕ್ಕೆ ಹೊರಳುವಷ್ಟರಲ್ಲಿ ಅಕ್ಕನ ಕಮಾನು ತಂತಿಯ ಮೇಲಿತ್ತು.