ಬಾಯಿ ತೆರೆದ ಸಿಂಪಿ

ಕೂಸಿಗೆ ಹಾಲು ಕುಡಿಸುವ ಸಿಂಪಿ ನಮ್ಮೂರಲ್ಲಿ ಮನೆಗೊಂದಿತ್ತು. ಅದು ಅರ್ಧ ಚಿಪ್ಪು, ಒಳಗೊಂದು ಜೀವ ಬಾಳಿ ಹೋಗಿದೆ ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಕುಷ್ಟಗಿ ಕಡೆಯ ಒಣ ಊರು, ಹೊಳೆಯಿಲ್ಲ, ಕಾಲುವೆಯಿಲ್ಲ. ೧೯೮೧ರಲ್ಲಿ ಏಳನೇ ತರಗತಿಗೆ ಮೃದ್ವಂಗಿಗಳ ಪಾಠ ಮಾಡುತ್ತ ಹಲಗೆಯ ಮೇಲೆ ಬಸವನಹುಳು, ಸಿಂಪಿ ಎರಡನ್ನೂ ಬರೆದೆ. ಎರಡೂ ಬದನೆಕಾಯಿಯಂತೆ ಕಂಡವು. ಮಕ್ಕಳು ನಕ್ಕರು, ನನಗೆ ಸಿಟ್ಟು ಬಂತು.

ಕನಕಪ್ಪನ ಮಗಳು ದುರುಗವ್ವ ಮಾತ್ರ ನಗಲಿಲ್ಲ. ದೀಪಾವಳಿ ಸೂಟಿಗೆ ಅಜ್ಜಿಯ ಊರಾದ ನವಲಿಗೆ ಹೋದವಳು ಗಾಜಿನ ಭರಣಿಯಲ್ಲಿ ಕಾಲುವೆ ನೀರು, ಉಸುಕು, ಒಂದು ಬಸವನಹುಳು, ಒಂದು ಜೀವಂತ ಸಿಂಪಿ ತಂದಳು.

"ಆಯಿ ಆಣಿ ಮಾಡಿಸಿಕೊಂಡಾಳ್ರಿ ಸರ. ಬರೂ ರವಿವಾರ ಹೊಳ್ಳಿ ಒಯ್ದು ಕಾಲುವ್ಯಾಗ ಬಿಡಬೇಕ್ರಿ. ಸಾಯಬಾರದ್ರಿ."

ಆವತ್ತಿನ ಪಾಠ ಛಲೋ ಆಯಿತು. ಎರಡೂ ಒಂದೇ ಬಳಗ ಎಂದೆ. ಬಸವನಹುಳುವಿಗೆ ಒಂದೇ ಚಿಪ್ಪು, ಆದರೆ ತಲೆಯಿದೆ, ಕೊಂಬಿದೆ. ಸೇರದ ಕಡೆಯಿಂದ ಎದ್ದು ಹೋಗುತ್ತದೆ. ಸಿಂಪಿಗೆ ಎರಡು ಚಿಪ್ಪು, ತಲೆಯೇ ಇಲ್ಲ. ಸುತ್ತಲಿನ ನೀರನ್ನೇ ಒಳಗೆಳೆದು ಸೋಸಿ ಉಣ್ಣುತ್ತದೆ, ಅದರಲ್ಲೇ ಉಸಿರಾಡುತ್ತದೆ. ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ.

ದುರುಗವ್ವ ಹತ್ತಿರ ಬಂದರೂ ಸಾಕು, ಅದು ಗಪ್ಪನೆ ಮುಚ್ಚಿಬಿಡುತ್ತಿತ್ತು. "ನನಗ ಅಂಜತೈತೇನ್ರಿ?" ಎಂದು ಕೇಳಿದಳು.

"ಹೊಸ ಊರು, ರೂಢಿ ಆಗಬೇಕು. ದಿನಾ ನೀರು ಬದಲಿಸು" ಎಂದೆ. ಅವಳು ಬಾವಿಯಿಂದ ತಂದು ದಿನಕ್ಕೆರಡು ಸಲ ಬದಲಿಸಿದಳು.

ಮಂಗಳವಾರ ಪಕ್ಕದ ಊರಿನಲ್ಲಿ ವಾಂತಿಭೇದಿ ಎಂದು ಸುದ್ದಿ ಬಂತು. ದವಾಖಾನೆಯವರು ಬ್ಲೀಚಿಂಗ್ ಪುಡಿ ತಂದರು. ಊರಿನ ಎರಡೂ ಬಾವಿಗೆ ಮುಂದೆ ನಿಂತು ಹಾಕಿಸಿದವನು ನಾನೇ. ಆ ಸಂಜೆಯೇ ತರಬೇತಿಗೆಂದು ಕೊಪ್ಪಳದ ಬಸ್ಸು ಹತ್ತಿದೆ. ಭರಣಿಯ ನೆನಪಾಗಲಿಲ್ಲ. ತಲೆಯಿದ್ದೂ ನನಗೆ ಹೊಳೆಯಲಿಲ್ಲ.

ಶುಕ್ರವಾರ ಮರಳಿದಾಗ ಬಸವನಹುಳು ಗಾಜು ಹತ್ತಿ ಮುಚ್ಚಳದ ಕೆಳಗೆ ಅಂಟಿಕೊಂಡಿತ್ತು. "ದಿನಾ ಮ್ಯಾಲ ಏರಿ ಕುಂದರತೈತ್ರಿ ಇದು" ಎಂದು ದುರುಗವ್ವ ನಕ್ಕಳು. ಸಿಂಪಿ ತಳದಲ್ಲಿ ಬಿಗಿಯಾಗಿ ಮುಚ್ಚಿ ಬಿದ್ದಿತ್ತು. ಮುಚ್ಚಳ ತೆಗೆದೆ, ಪುಡಿಯ ಘಾಟು ಮೂಗಿಗೆ ಬಡಿಯಿತು. ಮನೆಗೆ ಓಡಿ, ಸೋಮವಾರ ತುಂಬಿಟ್ಟ ಕೊಡದ ನೀರು ತಂದು ಸುರಿದೆ. ಅವಳಿಗೆ ಏನೂ ಹೇಳಲಿಲ್ಲ. ಉಳಿದೀತು ಎಂಬ ಆಸೆ, ಇನ್ನೇನು.

ಶನಿವಾರ ಬೆಳಗಿನ ಸಾಲಿ. ನಾನು ಅಂಗಳದಲ್ಲಿರುವಾಗಲೇ ಅವಳ ಕೂಗು ಕೇಳಿತು. "ಸರ, ಬಾಯಿ ತೆರದೈತ್ರಿ!"

ಮಕ್ಕಳೆಲ್ಲ ಮುಗಿಬಿದ್ದರು. ಸಿಂಪಿ ಅಗಲವಾಗಿ ತೆರೆದುಕೊಂಡಿತ್ತು. ಅದು ಮುಚ್ಚಿಕೊಂಡಿರುವುದು ಜೀವದ ಬಲದಿಂದ. ಬಲ ಹೋದ ಮೇಲೆ ಚಿಪ್ಪು ತಾನಾಗಿಯೇ ತೆರೆಯುತ್ತದೆ. ಇಷ್ಟನ್ನು ನಾನು ಪಾಠದಲ್ಲಿ ಹೇಳಿರಲಿಲ್ಲ. ಈಗ ಹೇಳಬೇಕೆಂದು ಮಕ್ಕಳನ್ನು ಸರಿಸಿ ಮುಂದೆ ಬಂದೆ.

ದುರುಗವ್ವ ಮೆಲ್ಲಗೆ ಬೆರಳು ಇಳಿಸಿ ಚಿಪ್ಪಿನ ಒಳಗೆ ಮುಟ್ಟಿದಳು. ಅದು ಮುಚ್ಚಲಿಲ್ಲ. ಅವಳ ಮುಖ ಅರಳಿತು.

"ನೋಡ್ರಿ ಸರ, ನನಗ ಅಂಜೂದು ಬಿಟ್ಟೈತಿ. ನಾಳೆ ಹ್ಯಾಂಗ ಬಿಟ್ಟು ಬರ್ಲಿರಿ ಇದನ್ನ?"