ಹಿಂಬಾಗಿಲ ಲೈಟು

"ಎಲ್ಲಾದ್ರೂ ಕೂರಿಸಿ ಮೇಸ್ತ್ರಿ, ಹಿಂದೆ ಬರೋರಿಗೆ ಕಂಡ್ರೆ ಸಾಕು," ಎಂದು ಡ್ರೈವರ್ ಎರಡು ಹೊಸ ಕೆಂಪು ಲೈಟುಗಳನ್ನು ಶೆಡ್ಡಿನ ಮೇಜಿನ ಮೇಲಿಟ್ಟ.

ವೈರಿಂಗ್ ಮೇಸ್ತ್ರಿ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಮೂರು ತಿಂಗಳ ಹಿಂದೆ ಡ್ರೈವರ್ ಇದೇ ಪಿಕಪ್ಪಿನಲ್ಲಿ ಕಬ್ಬಿಣದ ಪೈಪು ಹೇರಿಕೊಂಡು ಹೋಗುವಾಗ, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಅವನ ತಮ್ಮ ಆ ಪೈಪುಗಳಿಗೇ ಗುದ್ದಿದ್ದ. ಮುಸ್ಸಂಜೆಯ ಹೊತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಸ್ತ್ರಿಯೂ ಮಣ್ಣಿಗೆ ಹೋಗಿ ಬಂದಿದ್ದ.

"ಹಳೇ ಲೈಟು ಚೆನ್ನಾಗೇ ಇದೆಯಲ್ಲಪ್ಪ?"

"ಇದೆ. ಅವತ್ತು ನಾನೇ ಸ್ವಿಚ್ ಹಾಕಿರ್ಲಿಲ್ವೇನೋ. ಒಂದ್ಸಲ ಹಾಕಿದ್ದೆ ಅನ್ಸುತ್ತೆ, ಒಂದ್ಸಲ ಇಲ್ಲ ಅನ್ಸುತ್ತೆ. ಒಂದು ಸ್ವಿಚ್ ಒತ್ತೋಕೆ ಕೈ ಬರ್ಲಿಲ್ವೇನೋ ಅಂತ ಅಮ್ಮ ಅಂದ್ಲು. ಅದೇ ಕೊನೆ. ಆಮೇಲೆ ನನ್ನ ಹತ್ರ ಮಾತೇ ಆಡಿಲ್ಲ."

ಮೇಸ್ತ್ರಿ ಅಳತೆ ಟೇಪು ಹಿಡಿದು ಗಾಡಿಯ ಹಿಂದಕ್ಕೆ ಹೋದ. ಸ್ವಿಚ್ ಹಾಕಿಸಿ ನೋಡಿದರೆ ಹಳೆಯವು ಹಿಂಬಾಗಿಲ ಮೇಲೆ ಸೊಗಸಾಗಿ ಉರಿಯುತ್ತಿದ್ದವು. ಹೊಸವನ್ನು ಬಂಪರಿನ ಕೆಳಗೆ ಕೂರಿಸೋಣವೆಂದರೆ ಕಲ್ಲು ಸಿಡಿಯುತ್ತದೆ, ಕ್ಯಾಬಿನ್ನಿನ ಮೇಲೆ ಎಂದರೆ ಸರಕು ಮರೆಮಾಡುತ್ತದೆ. ಉದ್ದದ ಪೈಪು ಎಲ್ಲಿಯವರೆಗೆ ಚಾಚುತ್ತದೆಂದು ನೋಡಲು ಬಾಗಿಲನ್ನು ಸರಪಳಿಯ ಮೇಲೆ ಅಡ್ಡ ಮಲಗಿಸಿದ. ಹಿಂದೆ ಸರಿದು ನೋಡಿದ.

ಬಾಗಿಲ ಮೇಲಿನ ಎರಡು ಲೈಟುಗಳೂ ನೆಲ ನೋಡುತ್ತಿದ್ದವು. ಗಾಡಿಯ ಸ್ವಂತ ಲೈಟುಗಳು ಮಲಗಿದ ಬಾಗಿಲಿನಡಿ ಹುದುಗಿಹೋಗಿದ್ದವು. ಅವತ್ತೂ ಪೈಪು ಹೇರಿದ್ದು ಬಾಗಿಲನ್ನು ಹೀಗೇ ಮಲಗಿಸಿ.

ಎರಡು ವರ್ಷದ ಹಿಂದೆ ಈ ಹೆಚ್ಚುವರಿ ಲೈಟು ಹಾಕಿಸುವಾಗ ಡ್ರೈವರ್ ಬಂಪರಿನ ಕೆಳಗೇ ಕೇಳಿದ್ದ. "ನಂಗೇ ಕೆಲಸ ಹೇಳ್ಕೊಡ್ತೀಯೇನಯ್ಯಾ?" ಎಂದು ನಕ್ಕು, ನೋಡಲು ಚೆಂದವೆಂದು ಬಾಗಿಲ ಮೇಲೆ ಕೂರಿಸಿದವನು ಮೇಸ್ತ್ರಿ. ತನ್ನ ಕೈಚಳಕದ ಬಗ್ಗೆ ಅವನಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಶೆಡ್ಡಿಗೆ ಬರುವ ಗಾಡಿಗಳೆಲ್ಲ ಬಾಗಿಲು ಹಾಕಿಕೊಂಡೇ ನಿಲ್ಲುತ್ತವೆ. ಇಳಿಸಿ ನೋಡುವ ಬುದ್ಧಿ ಬಂದಿರಲಿಲ್ಲ. ಡ್ರೈವರನೂ ಹೆಚ್ಚಾಗಿ ಹೇರುತ್ತಿದ್ದುದು ಸಿಮೆಂಟು ಚೀಲ. ಪೈಪಿನ ಬಾಡಿಗೆ ಬರುತ್ತಿದ್ದುದೇ ಅಪರೂಪ.

ತೆಪ್ಪಗೆ ಹೊಸ ಲೈಟು ಕೂರಿಸಿ ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ಸುಳಿದದ್ದಕ್ಕೇ ಮೇಸ್ತ್ರಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಇಲ್ಲಿ ಬಾಪ್ಪ," ಎಂದು ಕರೆದ.

ಡ್ರೈವರ್ ಬಗ್ಗಿ ನೋಡಿದ. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ, ಸ್ವಿಚ್ ಹಾಕಿದ್ರೂ ಹೀಗೇನಾ?"

"ಹೀಗೇ. ತಪ್ಪು ನಂದು ಕಣಪ್ಪ."

"ಬಂದು ಅಮ್ಮಂಗೆ ಹೇಳಿ."

ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ತಾಯಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮೇಸ್ತ್ರಿ ನಿಂತಲ್ಲೇ, ಒಂದೇ ಉಸಿರಿಗೆ ಎಲ್ಲ ಹೇಳಿದ. ಅವಳು ತಲೆ ಎತ್ತದೆ ಕೇಳಿದಳು: "ಹೀಗೆ ಹೇಳಿ ಅಂತ ಅವನೇ ಕರ್ಕೊಂಡ್ ಬಂದ್ನಾ?"

ಡ್ರೈವರ್ ಹೊಸಿಲಾಚೆಯಿಂದಲೇ ತಿರುಗಿ ಹೋಗಿ ಕ್ಯಾಬಿನ್ನಿನಲ್ಲಿ ಕೂತ.

"ಒಂದ್ಸಲ ಹೊರಗೆ ಬನ್ನಿ ಅಮ್ಮ. ಆಮೇಲೆ ಏನು ಬೇಕಾದ್ರೂ ಅನ್ನಿ," ಎಂದ ಮೇಸ್ತ್ರಿ. ಬಾಗಿಲು ಮಲಗಿಸಿ, ಸ್ವಿಚ್ ಹಾಕಲು ಕೂಗಿ ಹೇಳಿದ.

ಅವಳು ಗಾಡಿಯ ಹಿಂದೆ ರಸ್ತೆಯಲ್ಲಿ ದೂರಕ್ಕೆ ಹೋಗಿ, ತಿರುಗಿ ನಿಂತಳು. ಅಲ್ಲಿಂದ ಒಂದು ಕೆಂಪು ಚುಕ್ಕೆಯೂ ಕಾಣಲಿಲ್ಲ. ಆಮೇಲೆ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಬಾಗಿಲಿನಡಿ ಕೈ ಚಾಚಿದಳು. ಅಂಗೈ ಕೆಂಪಾಯಿತು. ಒಮ್ಮೆ ಮುಚ್ಚಿ, ಮತ್ತೆ ತೆರೆದಳು.

"ಸಾಕು, ಆರಿಸೋ," ಎಂದಳು, ಕ್ಯಾಬಿನ್ನಿನ ಕಡೆಗೆ.

ಒಳಗೆ ಕೂತಿದ್ದ ಮಗನ ಕೈಗೆ ಸ್ವಿಚ್ ಸಿಗಲು ಬಹಳ ಹೊತ್ತು ಹಿಡಿಯಿತು.